ಬದನಿಕೆಯ ಕೆಳಗೆ ನಿಂತು

ನಮ್ಮ ಬೀದಿಯ ಕೊನೆಯ ಸಪೋಟ ಮರಕ್ಕೆ ಅಂಟಿ ಬೆಳೆದ ಬದನಿಕೆಗೆ ಹಣ್ಣು ಬಂದಿದೆ. ಬೆಳಿಗ್ಗೆ ಹಾಲು ತರಲು ಹೋದವನಿಗೆ ಮರದ ನೆತ್ತಿಯಿಂದ ‘ಚಿಕ್, ಚಿಕ್, ಚಿಕ್’ ಎಂದು ಬಿಡುವಿಲ್ಲದ ಸದ್ದು ಕೇಳಿತು. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟೆ. ಫ್ಲವರ್‌ಪೆಕರ್ ಬಂದಿತ್ತು. ಕೊಕ್ಕಿನಿಂದ ಬಾಲದವರೆಗೆ ಅಳೆದರೆ 8 ಸೆಂಟಿಮೀಟರ್ ಆದೀತು, ಮೈಯೆಲ್ಲ ಮಂಕು ಬೂದು. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲೊಂದು. ಹಕ್ಕಿ ನೋಡುವ ಹವ್ಯಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ಇದನ್ನು ನೋಡಲು ನನ್ನದೊಂದು ಉಪಾಯವಿದೆ. ಬದನಿಕೆಯ ಪೊದೆಯೊಳಗೆ ದುರ್ಬೀನು ತೂರಿಸಿ ಹುಡುಕಬೇಡಿ, ಹಕ್ಕಿ ಎಲೆಗಳ ನಡುವೆ ಕರಗಿಹೋಗುತ್ತದೆ. ಸುತ್ತಲಿನ ತೆಳು ರೆಂಬೆಗಳನ್ನು ನೋಡಿ. ಅಲ್ಲಿ ಅಂಟಿನ ಎಳೆಯಲ್ಲಿ ಬೀಜಗಳು ಸರದ ಮಣಿಗಳ ಹಾಗೆ ತೂಗುತ್ತಿದ್ದರೆ ಅದು ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಜಾಗ. ದುರ್ಬೀನನ್ನು ಅಲ್ಲಿಗೇ ಹಿಡಿದು ಕಾಯಿರಿ. ನುಂಗಿದ ಹಣ್ಣಿನ ಬೀಜ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ಮೈತುಂಬ ಅಂಟು ಮೆತ್ತಿಕೊಂಡ ಆ ಬೀಜ ತಾನಾಗಿ ಕಳಚಿ ಬೀಳುವುದಿಲ್ಲ. ಹಕ್ಕಿ ಹಿಂಭಾಗವನ್ನು ರೆಂಬೆಗೆ ಉಜ್ಜಿ ಒರೆಸಲೇಬೇಕು. ಒರೆಸಿದಲ್ಲಿ ಬಿತ್ತನೆ ಮುಗಿಯಿತು. ವಿದ್ಯುತ್ ತಂತಿಗೆ ಒರೆಸಿದ ಬೀಜ ಕೂಡ ಮೊಳೆಯುತ್ತದೆ, ಹೀರಲು ಏನೂ ಸಿಗದೆ ಒಣಗುತ್ತದೆ. ರೆಂಬೆಯ ಮೇಲಿನದಾದರೆ ಹಸಿರು ಮೊಳಕೆ ಬಾಗಿ ತೊಗಟೆ ಮುಟ್ಟಿ, ಹೀರುಬೇರನ್ನು ಒಳಗಿಳಿಸಿ, ಮರದ ನೀರಿಗೂ ಲವಣಕ್ಕೂ ಬಾಯಿ ಹಾಕುತ್ತದೆ. ಸಕ್ಕರೆಯನ್ನು ಮಾತ್ರ ತನ್ನ ಹಸಿರೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಅದಕ್ಕೇ ಇದು ಅರೆ ಪರಾವಲಂಬಿ.

ಹೂವಿನ ಕಾಲ ಬಂದರೆ ಸೂರಕ್ಕಿಗಳ ಸರದಿ. ಕಿತ್ತಳೆ ಕೊಳವೆಯಂಥ ಬಲಿತ ಮೊಗ್ಗನ್ನು ಕೊಕ್ಕಿನಲ್ಲಿ ಒತ್ತಿದರೆ ಪಟ್ಟನೆ ಬಿರಿದು ಹಕ್ಕಿಯ ಹಣೆಗೆ ಪರಾಗ ಮೆತ್ತುತ್ತದೆ. ಕೊಂಕಣದ ಬದನಿಕೆಗಳ ಬಗ್ಗೆ ಸಾಲಿಂ ಅಲಿ 1931ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ನೀಲಗಿರಿಯಲ್ಲಿ ಸಂಶೋಧಕಿ ಪ್ರಿಯಾ ದಾವಿದರ್ ಇನ್ನೂ ಸೊಗಸಾದದ್ದನ್ನು ಕಂಡರು. ಅಲ್ಲಿನ ಕೆಲವು ಬದನಿಕೆಗಳಲ್ಲಿ ಬಿರಿಯದ ಮೊಗ್ಗೂ ಮಾಗಿದ ಹಣ್ಣೂ ನೋಡಲು ಒಂದೇ ಥರ. ಪರಾಗ ಸಾಗಿಸುವುದೂ ಬೀಜ ಬಿತ್ತುವುದೂ ಅದೇ ಫ್ಲವರ್‌ಪೆಕರ್!

ಇಷ್ಟೆಲ್ಲ ನಡೆಯುವ ಮರದ ಕೆಳಗೆ ನಿಂತರೆ, ಭಾನುವಾರ ಜೊತೆಗೆ ಬರುವ ಗೆಳೆಯರು “ಸಾರ್, ಬರೀ ಬದನಿಕೆ ಅದು, ಬನ್ನಿ ಬನ್ನಿ” ಅನ್ನುತ್ತಾರೆ. ಅವರಿಗೆ ಕೆರೆಯ ಆ ದಡಕ್ಕೆ ಬಂದಿದೆಯೆನ್ನುವ ಅಪರೂಪದ ಹಕ್ಕಿ ಬೇಕು, ಪಟ್ಟಿಗೊಂದು ಹೆಸರು ಬೇಕು. ಕೆಲವರು ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಪೊದೆಯಿಂದ ಎಳೆಯುತ್ತಾರೆ. ಗೂಡು ಕಟ್ಟುವ ಕಾಲದಲ್ಲಿ, ಎದುರಾಳಿ ಬಂದನೆಂದು ಬೆದರಿದ ಹಕ್ಕಿ ಕೆಲಸ ಬಿಟ್ಟು ಓಡಿಬರುತ್ತದೆ. ಇದನ್ನು ಹಕ್ಕಿ ನೋಡುವುದು ಎಂದು ನಾನು ಒಪ್ಪುವುದಿಲ್ಲ. ಅದು ಹಿಂಸೆ.

ಬದನಿಕೆ ಕಂಡಲ್ಲೆಲ್ಲ ಕತ್ತಿ ಎತ್ತುವವರ ಮೇಲೆ ಸಿಟ್ಟು ಇನ್ನೂ ಹೆಚ್ಚು. ಮಾವಿನ ತೋಪಿನವರ ಕಷ್ಟ ನಿಜ, ಅವರು ಕಡಿಯಲಿ. ಎಲೆ ಸವರಿದರೆ ಸಾಲದು, ಹೀರುಬೇರು ಇಳಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ತೆಗೆಯಬೇಕು. ಆದರೆ ಉದ್ಯಾನದ ಹೊಂಗೆ, ರಸ್ತೆ ಬದಿಯ ಮರಗಳನ್ನೆಲ್ಲ ‘ಶುಚಿ’ ಮಾಡುವ ಹಟ ಯಾಕೆ? ಹಳದಿ ರೆಕ್ಕೆಯಂಚಿಗೆ ಕೆಂಪು ಚುಕ್ಕೆ ಜೋಡಿಸಿಕೊಂಡ ಜೆಜಬೆಲ್ ಚಿಟ್ಟೆ ಮೊಟ್ಟೆ ಸಾಲು ಇಡುವುದು ಬದನಿಕೆಯ ಎಲೆಯ ಮೇಲೆ, ಅದರ ಮರಿಹುಳಕ್ಕೆ ಬೇರೆ ಊಟವಿಲ್ಲ. ಆಸ್ಟ್ರೇಲಿಯದಲ್ಲಿ ಸಂಶೋಧಕ ಡೇವಿಡ್ ವಾಟ್ಸನ್ ಮತ್ತು ಸಂಗಡಿಗರು 17 ಕಾಡುಗಳಿಂದ ಬದನಿಕೆಯನ್ನು ಪೂರ್ತಿ ತೆಗೆದು ನೋಡಿದರು. ಮೂರು ವರ್ಷದಲ್ಲಿ ಅಲ್ಲಿನ ಹಕ್ಕಿ ಜಾತಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಕಾಣೆಯಾಗಿತ್ತು. 2012ರಲ್ಲಿ ಪ್ರಕಟವಾದ ಲೆಕ್ಕ ಇದು.

ಹಾಗೆಂದು ಎಲ್ಲೆಲ್ಲೂ ಬದನಿಕೆ ಬೆಳೆಯಲಿ ಎಂದು ನಾನು ಹೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿ ಮರಗಳನ್ನು ಅದು ಸಾಯಿಸುತ್ತಿರುವುದು ನಿಜ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಬದನಿಕೆಯನ್ನು ಉಪ್ಪಿಲು ಎನ್ನುತ್ತಾರೆ. ಹಿಂದೆ ಅವರು ಬೇಸಿಗೆ ಕಾವೇರುವ ಮೊದಲೇ ಕಾಡಿನ ನೆಲಕ್ಕೆ ತರಗು ಬೆಂಕಿ ಇಡುತ್ತಿದ್ದರು. ಉದುರೆಲೆ ಮಾತ್ರ ಸುಟ್ಟು ಆರುವ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಉಪ್ಪಿಲು ಏರಿತು, ಲಂಟಾನ ಹಬ್ಬಿತು ಎಂದು ಹಿರಿಯ ಸೋಲಿಗರು ಹೇಳುತ್ತಲೇ ಬಂದರು. ಆ ಮಾತು ಸಂಶೋಧನಾ ಪ್ರಬಂಧಗಳಿಗೆ ಏರುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ನೆಲ್ಲಿಕಾಯಿ ಕಿತ್ತು ಬದುಕಿದವರು, ಒಂದೊಂದು ಮರವನ್ನೂ ಹತ್ತಿ ಇಳಿದವರು ಹೇಳಿದ್ದನ್ನು ಕೇಳಿಸಿಕೊಳ್ಳಲು ಅಷ್ಟು ಕಾಲ ಬೇಕಿತ್ತೇ? ಯಾವ ತಿಂಗಳಲ್ಲಿ, ಯಾವ ಇಳಿಜಾರಿನಲ್ಲಿ, ಗಾಳಿ ಹೇಗಿದ್ದಾಗ ತರಗು ಬೆಂಕಿ ಇಡಬೇಕೆಂದು ಕೈಯಾರೆ ಮಾಡಿ ತಿಳಿದ ತಲೆಮಾರು ಮುಪ್ಪಾಗಿದೆ. ಒಂದು ಗುಡ್ಡದ ಮಗ್ಗುಲಲ್ಲಾದರೂ ಅವರಿಂದಲೇ ಇಡಿಸಿ ನೋಡಬೇಕು, ಅವರು ಇರುವಾಗಲೇ.