ಜಾಗ ನಮ್ಮದು, ಮಾಲು ಯಾರದು?

ಭದ್ರಾವತಿಯಲ್ಲಿ ನಮ್ಮ ಮನೆ ಹಿಂದೆ ಒಂದು ಶೀಟಿನ ಗೋದಾಮು ಇದೆ. ಅಪ್ಪ ಕಾರ್ಖಾನೆಯಿಂದ ನಿವೃತ್ತರಾದಾಗ ಬಂದ ದುಡ್ಡಲ್ಲಿ ಕಟ್ಟಿಸಿದ್ದು. ಬಾಡಿಗೆಗಿದ್ದ ಅಡಿಕೆ ವ್ಯಾಪಾರಿ ಬಿಟ್ಟುಹೋದ ಮೇಲೆ ಎಂಟು ತಿಂಗಳು ಖಾಲಿ. ತಮ್ಮನ ಕಾಲೇಜು ಫೀಸು ಹೋಗ್ತಿದ್ದದ್ದು ಆ ಬಾಡಿಗೆಯಿಂದಲೇ.

ಹೋದ ವರ್ಷ ಬೆಂಗಳೂರಿನಿಂದ ಒಬ್ಬರು ಬಂದರು. ಆನ್‌ಲೈನಲ್ಲಿ ಮಾರುವ ಇಯರ್‌ಫೋನು, ಮೊಬೈಲ್ ಕವರು, ಆಟದ ಸಾಮಾನು. ಮಾರುವವರು ಚೀನಾದಲ್ಲಿ. ಬಾಕ್ಸುಗಳು ಇಲ್ಲಿದ್ದರೆ ಸಾಕು, ಆರ್ಡರ್ ಬಂದಂತೆ ಕೊರಿಯರ್‌ನವರು ಒಯ್ಯುತ್ತಾರೆ. ಬಾಡಿಗೆ ಹಳೆಯದರ ಎರಡರಷ್ಟು, ನಗದು. ಕರಾರು ಪತ್ರ ಬೇಡವಂತೆ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಲ್ಲಿ ಕೆಲಸ ಮಾಡೋಳು. ಸಂಜೆ ಬಸ್ಸಿಳಿದು ಬಂದರೆ ಅಪ್ಪ ಆಗಲೇ ಗೋದಾಮು ಗುಡಿಸುತ್ತಿದ್ದರು.

“ಆಮದಿನ ಬಿಲ್ ಆಫ್ ಎಂಟ್ರಿ ಇದೆಯಂತಾ? ಜಿಎಸ್‌ಟಿ ನಂಬರ್?” ಅಂದೆ.

“ಜಾಗ ಮಾತ್ರ ನಮ್ದು ಕಣಮ್ಮ. ಮಾಲು ಅವರದ್ದು, ತೆರಿಗೆ ಅವರ ತಲೆನೋವು.”

ಎಷ್ಟೋ ಜನ ಹೀಗೇ ಅಂದುಕೊಂಡಿರ್ತಾರೆ. ಆದರೆ ಜಿಎಸ್‌ಟಿ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಗೋದಾಮಿನ ಮಾಲೀಕರು ಅಥವಾ ನಡೆಸುವವರು, ತಾವು ನೋಂದಾಯಿತರಾಗಿರಲಿ ಬಿಡಲಿ, ಮಾಲು ಯಾರಿಂದ ಬಂತು, ಯಾರಿಗೆ ಹೋಯಿತು ಅನ್ನುವ ಲೆಕ್ಕ ಇಡಲೇಬೇಕು. ನೋಂದಣಿ ಇಲ್ಲದವರು 58ನೇ ನಿಯಮದಂತೆ ಪೋರ್ಟಲ್‌ನಲ್ಲಿ ಇಎನ್‌ಆರ್-01 ಅರ್ಜಿ ಹಾಕಬೇಕು. ಮಾರುವವರೂ ನಮ್ಮ ವಿಳಾಸವನ್ನು ತಮ್ಮ ನೋಂದಣಿಯಲ್ಲಿ ಸೇರಿಸಬೇಕು. ಜಪ್ತಿಯಾಗುವಂಥ ಮಾಲು ಅಂತ ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ಇಟ್ಟುಕೊಂಡವರಿಗೂ ದಂಡ. ಬ್ರಿಟನ್ನಿನಲ್ಲಂತೂ ಇದಕ್ಕೇ ಪ್ರತ್ಯೇಕ ಯೋಜನೆ ಇದೆ. ಹೊರದೇಶದ ಮಾರಾಟಗಾರರ ಆಮದು ಮಾಲು ಇಡುವ ಗೋದಾಮುಗಳು 2019ರ ಏಪ್ರಿಲ್ 1ರಿಂದ ತೆರಿಗೆ ಇಲಾಖೆಯ ಒಪ್ಪಿಗೆ ಇಲ್ಲದೆ ವ್ಯವಹಾರ ಮಾಡುವಂತಿಲ್ಲ. ಮಾರುವವರು ಕಡಲಾಚೆ, ಕೈಗೆ ಸಿಗೋರು ಗೋದಾಮಿನವರು ತಾನೆ!

ಇಷ್ಟೆಲ್ಲ ಹೇಳಿದರೂ ಅಪ್ಪ ಬಗ್ಗಲಿಲ್ಲ. “ಫೀಸು ನೀನು ಕಟ್ತೀಯಾ?” ಅಂದರು. ನನ್ನ ಸಂಬಳ ಅವರಿಗೆ ಗೊತ್ತು.

ರಾತ್ರಿ ಊಟಕ್ಕೆ ಕೂತಾಗ ಆ ನಿಯಮವನ್ನೇ ಓದಿ ಹೇಳಿದೆ. ಮಾಲನ್ನು ಐಟಂವಾರು, ಮಾಲೀಕರವಾರು ಗುರುತು ಸಿಗುವಂತೆ ಇಡಬೇಕು. ಬಂದದ್ದು, ಹೋದದ್ದು ಬರೆದಿಡಬೇಕು. ಅಪ್ಪ ತುತ್ತು ನಿಲ್ಲಿಸಿದರು.

“ಇದು ನಮ್ಮ ಬಿನ್ ಕಾರ್ಡ್ ಅಲ್ವೇನೆ?”

ಅಪ್ಪ ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದವರು. ಗೇಟ್ ಪಾಸ್ ಇಲ್ಲದೆ ಒಂದು ನಟ್ಟನ್ನೂ ಆಚೆ ಬಿಟ್ಟವರಲ್ಲ.

ಬೆಳಿಗ್ಗೆ ಅವರೇ ಫೋನ್ ಮಾಡಿ ಕಾಗದ ಕೇಳಿದರು. “ಕಳಿಸ್ತೀನಿ ಸಾರ್” ಅಂದ ಆಸಾಮಿ ಆಮೇಲೆ ಫೋನ್ ಎತ್ತಲೇ ಇಲ್ಲ.

ಆ ಸಲದ ಫೀಸಿಗೆ ಅಮ್ಮನ ಎರಡು ಬಳೆ ಅಡವಿಟ್ಟೆವು. ಅಮ್ಮನ ಬರಿಗೈ ನೋಡಿದಾಗ ನನಗೆ ಈಗಲೂ ಚುರುಕ್ ಅನ್ನುತ್ತೆ. ಒಂದು ಬಳೆ ಮಾತ್ರ ಬಿಡಿಸಿದ್ದೇವೆ.

ಈಗ ಗೋದಾಮಿನಲ್ಲಿ ಶಿವಮೊಗ್ಗದ ವ್ಯಾಪಾರಿಯೊಬ್ಬರ ಪಿವಿಸಿ ಪೈಪುಗಳಿವೆ. ಬಾಡಿಗೆ ಕಡಿಮೆ, ಆದರೆ ಬ್ಯಾಂಕಿಗೇ ಬರುತ್ತೆ. ಇಎನ್‌ಆರ್-01 ನಾನೇ ಹಾಕಿದೆ. ಅಪ್ಪ ಉದ್ದನೆಯ ರಿಜಿಸ್ಟರ್ ತಂದು ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದಾರೆ. ಹೋದ ಭಾನುವಾರ ಬಿಲ್ಲಿಗಿಂತ ಎರಡು ಪೈಪು ಕಡಿಮೆ ಬಂತು ಅಂತ ಲಾರಿ ಡ್ರೈವರನ್ನು ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದರು. ಪಾಪ, ಅವನಿಗೆ ಅಮ್ಮ ಎರಡು ಸಲ ಕಾಫಿ ಕೊಟ್ಟಳು.