ಡೇರೆ ಕಿತ್ತ ಬಯಲು

ಯಾದಗಿರಿ ಕಡೆಯ ಬಳಿಚಕ್ರದ ನಮ್ಮ ಮನೆಯಲ್ಲಿ ಸಿನಿಮಾ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. 'ಪಿಚ್ಚರ್' ಅನ್ನುತ್ತಿದ್ದೆವು. ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಒಂದು ದಿನ ಮೈಕು ಕಟ್ಟಿಕೊಂಡ ಬಂಡಿ ಓಣಿಯೊಳಗೆ ಬಂದು ಬಣ್ಣದ ಹ್ಯಾಂಡ್‌ಬಿಲ್ ತೂರುತ್ತ ಹೋಗುತ್ತಿತ್ತು. ಓದು ಬಾರದ ಮುತ್ಯಾ ಒಂದು ಚೀಟಿ ಹಿಡಿದು "ಯಾರ್ದದಲೇ ಇದು?" ಎಂದು ಕೇಳುವನು. "ರಾಜಕುಮಾರಂದು ಮುತ್ಯಾ" ಎಂದರೆ ಮುಗಿಯಿತು, ಸಂಜೆಗೆ ಬಂಡಿ ಹೂಡುವುದು ಖಾತ್ರಿ. ಬೇರೆ ಯಾರ ಹೆಸರು ಹೇಳಿದರೂ "ಎತ್ತು ದಣದಾವ" ಎನ್ನುವನು. ಹೀಗಾಗಿ ಬಂದ ಪಿಚ್ಚರೆಲ್ಲ ರಾಜಕುಮಾರಂದೇ ಆದವು. ಒಮ್ಮೆ ಪರದೆಯ ಮೇಲೆ ತೆಲುಗಿನ 'ಮಾಯಾಬಜಾರ್' ಬಂತು. ಇವತ್ತು ಹುಣಸೀ ಬರಲು ತಪ್ಪಿದ್ದಲ್ಲ ಎಂದು ನಾವು ಬೆನ್ನು ಗಟ್ಟಿ ಮಾಡಿಕೊಂಡು ಕೂತರೆ, ಮುತ್ಯಾ ಎನ್.ಟಿ. ರಾಮರಾಯರ ಕೃಷ್ಣನಿಗೆ ಎರಡೂ ಕೈ ಎತ್ತಿ ಮುಗಿದುಬಿಟ್ಟ. ಸುಳ್ಳಿನ ಮಾತು ಮತ್ತೆ ಎತ್ತಲಿಲ್ಲ.

ಅಮೆರಿಕದ ಕ್ಯಾಮ್ಡೆನ್ ಎಂಬಲ್ಲಿ 1933ರಲ್ಲಿ ಕಾರಿನೊಳಗೇ ಕೂತು ನೋಡುವ ಡ್ರೈವ್-ಇನ್ ಥೇಟರು ಶುರುವಾಯಿತೆಂದು ಮುಂದೆ ಓದಿದಾಗ ನನಗೇನೂ ಬೆರಗಾಗಲಿಲ್ಲ. ನಮ್ಮ ಕಡೆ ಅದು ಎತ್ತಿನ ಬಂಡಿಯಲ್ಲೇ ನಡೆದಿತ್ತಲ್ಲ! ಟೂರಿಂಗ್ ಟಾಕೀಜಿನ ಡೇರೆಯ ಹೊರಗೆ ಬಯಲಲ್ಲಿ ಬಂಡಿಗಳ ಸಾಲು. ಕೊರಳು ಬಿಚ್ಚಿದ ಎತ್ತುಗಳು ಕಣಿಕೆ ಮೇಯುತ್ತಿದ್ದವು. ದುಡ್ಡು ಸಾಲದ ಹುಡುಗರು ಬಂಡಿಯ ನೊಗದ ಮೇಲೆ ಹತ್ತಿ, ತಟ್ಟಿನ ಮೇಲಿಂದ ಕಾಣುವಷ್ಟು ಪರದೆಯನ್ನು ಪುಕ್ಕಟೆ ನೋಡುತ್ತಿದ್ದರು. ಅವರ ಪಾಲಿಗೆ ಹೀರೋಗೆ ತಲೆ ಇತ್ತು, ಕಾಲು ಇರಲಿಲ್ಲ.

ಘಂಟಸಾಲ ಹಾಡಿದ 'ನಮೋ ವೆಂಕಟೇಶ' ರೆಕಾರ್ಡು ಹತ್ತಿತೆಂದರೆ ಟಿಕೆಟು ಕೊಡಲು ಶುರು. ಒಳಗೆ ನೆಲ, ಬೆಂಚು, ಕುರ್ಚಿ. ಹೆಣ್ಣುಮಕ್ಕಳಿಗೂ ಗಂಡಸರಿಗೂ ನಡುವೆ ಒಂದು ಅರಿವೆಯ ಅಡ್ಡ. ನೆಲದವರು ಮಣ್ಣು ಗುಡ್ಡೆ ಮಾಡಿ ಅದರ ಮೇಲೆ ಕೂಡುವರು, ಹಿಂದಿನವರು ಬೈಯುವರು. ಮೊದಲು ಫಿಲಂಸ್ ಡಿವಿಷನ್‌ನ ವಾರ್ತಾಚಿತ್ರ. ನೆಹರೂ, ಇಂದಿರಾ, ಅಣೆಕಟ್ಟು, ಪ್ರವಾಹ ಎಲ್ಲವನ್ನೂ ನಮ್ಮೂರ ಮಂದಿ ನೋಡಿದ್ದು ಅಲ್ಲೇ. ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು. ಪಟ್ಟಣದವರಿಗೆ ಒಂದು ಇಂಟರ್ವಲ್ಲಾದರೆ ನಮಗೆ ನಾಲ್ಕು. ಶೇಂಗಾ, ಮಿರ್ಚಿ ಭಜಿ ಮಾರುವವರಿಗೆ ಅದೇ ಸುಗ್ಗಿ.

ಕಥೆ ಏನೆಂಬುದು ಬಹಳ ಸಲ ಮೊದಲೇ ಗೊತ್ತಿರುತ್ತಿತ್ತು. 'ಸಂಪತ್ತಿಗೆ ಸವಾಲ್' 1974ರಲ್ಲಿ ಪಿಚ್ಚರ್ ಆಗುವ ಮುಂಚೆಯೇ ಧುತ್ತರಗಿಯವರ ನಾಟಕವಾಗಿ ಈ ಸೀಮೆಗೆ ಪರಿಚಿತ. ಆದರೂ ರಾಜಕುಮಾರ್ ಎಮ್ಮೆ ಏರಿ ಹಾಡುತ್ತ ಬಂದಾಗ ಡೇರೆಯೇ ಎದ್ದು ನಿಂತಿತು. ಎಮ್ಮೆ ಕಾಯುವವರೇ ತುಂಬಿದ್ದ ಸಭೆ ಅದು.

ನನಗೆ ಪರದೆಗಿಂತ ಹಿಂದಿನ ಕ್ಯಾಬಿನ್ನೇ ಮೋಹ. ಆಪರೇಟರು ಎರಡು ಕಾರ್ಬನ್ ಕಡ್ಡಿಗಳ ತುದಿ ಮುಟ್ಟಿಸಿ ದೂರ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬಿಳಿ ಬೆಳಕು. ರೀಲು ಕಡಿದರೆ ಅದರ ತುದಿ ಕತ್ತರಿಸಿ, ಕೆರೆದು, ಅಂಟು ಹಚ್ಚಿ ಜೋಡಿಸುವನು. ಕತ್ತರಿಸಿದ ತುಂಡು ನೆಲಕ್ಕೆ. ಒಂದು ಬೊಗಸೆ ಶೇಂಗಾಕ್ಕೆ ಒಂದು ತುಂಡು, ಇದು ನಮ್ಮ ಅವನ ನಡುವಿನ ದರ. ಮರುದಿನ ಮನೆಯಲ್ಲೇ ಟಾಕೀಜು. ಸುಟ್ಟ ಬಲ್ಬಿನ ಹಿಂಬದಿ ಹುಷಾರಾಗಿ ಒಡೆದು ಒಳಗಿನ ತಂತಿ ತೆಗೆದು ನೀರು ತುಂಬಿದರೆ ಅದೇ ಮಸೂರ. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಗೆ ತಿರುಗಿಸಬೇಕು. ಕತ್ತಲ ಕೋಣೆಯಲ್ಲಿ ಇನ್ನೊಬ್ಬ ರಟ್ಟಿನ ತೂತಿಗೆ ಫಿಲಂ ಇಟ್ಟು ಬಲ್ಬಿನ ಹಿಂದೆ ಹಿಡಿಯಬೇಕು. ಅದೂ ತಲೆಕೆಳಗಾಗಿ, ಇಲ್ಲದಿದ್ದರೆ ಗೋಡೆಗೆ ಕಟ್ಟಿದ ಮುತ್ಯಾನ ಧೋತರದ ಮೇಲೆ ಹೀರೋ ಕಾಲು ಮೇಲೆ ಮಾಡಿ ನಿಲ್ಲುವನು. ಡೇರೆಯಲ್ಲಿ ಸೆಕೆಂಡಿಗೆ 24 ಚಿತ್ರ ಓಡಿದರೆ ನಮ್ಮಲ್ಲಿ ದಿನವಿಡೀ ಒಂದೇ ಚಿತ್ರ. ಸೂರ್ಯ ಸರಿದಂತೆ ಕನ್ನಡಿಯವನೂ ಸರಿಯುತ್ತ ಹೋಗಿ ಕೊನೆಗೆ ತಿಪ್ಪೆಯ ಮೇಲೆ ನಿಂತಿರುತ್ತಿದ್ದ.

ಈ ಭಾಗ 1948ರಲ್ಲಿ ನಿಜಾಮನ ಕೈತಪ್ಪಿತು, 1956ರಲ್ಲಿ ಕನ್ನಡದ ರಾಜ್ಯಕ್ಕೆ ಸೇರಿತು. ಹಿಂದಿ ಪಿಚ್ಚರ್ ಹಂಚುವವರ ನಕಾಶೆಗೆ ಮಾತ್ರ ಈ ಸುದ್ದಿ ಮುಟ್ಟಲಿಲ್ಲ. ಅವರ ಲೆಕ್ಕದಲ್ಲಿ ಗುಲ್ಬರ್ಗಾ, ರಾಯಚೂರು, ಬೀದರ ಇವತ್ತಿಗೂ 'ನಿಜಾಂ' ಏರಿಯಾ. ಅದರಿಂದ ನಮಗೆ ನಷ್ಟವೇನೂ ಆಗಲಿಲ್ಲ ಅನ್ನಿ. ಒಂದೇ ವಾರದಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ನೋಡಿ, ಮೂರಕ್ಕೂ ಒಂದೇ ಅಳು ಅತ್ತು ಬಂದವರು ನಾವು.

ಟೀವಿಯೂ ಇಲ್ಲಿಗೆ ಬೆಂಗಳೂರಿಗಿಂತ ಮೊದಲೇ ಬಂತೆಂದರೆ ಇಂದಿನ ಹುಡುಗರು ನಂಬುವುದಿಲ್ಲ. ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದ 1975-76ರ 'ಸೈಟ್' ಪ್ರಯೋಗದಲ್ಲಿ ಅಂದಿನ ಗುಲ್ಬರ್ಗಾ ಜಿಲ್ಲೆಯೂ ಇತ್ತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನದ ಪ್ರಸಾರ ಕೇಂದ್ರವೇ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಆದರೆ ಆ ಟೀವಿ ಡೇರೆಯನ್ನು ಕೊಲ್ಲಲಿಲ್ಲ. ಗೊಬ್ಬರ, ಬಿತ್ತನೆ, ಆರೋಗ್ಯದ ಪಾಠ ಕೇಳಿ ಮಂದಿ ಮತ್ತೆ ಪಿಚ್ಚರಿಗೇ ಹೋದರು. ಏಟು ಕೊಟ್ಟದ್ದು ಬಾಡಿಗೆಯ ವಿಡಿಯೋ. ಗಣಪತಿ ಕೂಡಿಸಿದಲ್ಲಿ ರಾತ್ರಿಯಿಡೀ ಮೂರು ಪಿಚ್ಚರ್, ಚಂದಾ ಎತ್ತಿದರೆ ಸಾಕು. ಆಮೇಲೆ ಕೇಬಲ್ಲು, ಡಿಷ್ಷು. ಫ್ಯೂಜಿ ಕಂಪನಿ ಸಿನಿಮಾ ರೀಲು ಮಾಡುವುದನ್ನೇ 2013ರಲ್ಲಿ ಬಿಟ್ಟಿತು. ಅಷ್ಟರೊಳಗೆ ನಮ್ಮ ಕಡೆಯ ಪ್ರೊಜೆಕ್ಟರುಗಳು ಗುಜರಿಯ ತಕ್ಕಡಿ ಏರಿದ್ದವು.

ಎಲ್ಲರೂ ಟೀವಿ, ಮೊಬೈಲನ್ನೇ ಬೈಯುತ್ತಾರೆ. ನನ್ನ ಲೆಕ್ಕ ಬೇರೆ. ಡೇರೆ ಬರುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ. ಈಗ ಆ ಹೊತ್ತಿಗೆ ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಸಮೇತ ಕೂತ ಮಂದಿಯನ್ನು ನೋಡಬೇಕು. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಗುಳೆ ಹೊರಟವರು. ಊರಲ್ಲಿ ಉಳಿದವರು ಮುದುಕರು, ಮಕ್ಕಳು. ನಾಳೆ ಯಾರೋ ಹುಚ್ಚು ಹಿಡಿದು ಡೇರೆ ಹೂಡಿದರೂ ನೆಲದ ಟಿಕೆಟಿಗೆ ಗಿರಾಕಿ ಎಲ್ಲಿಂದ ತರುವುದು? ಅವರು ಕಟ್ಟಡ ಕಟ್ಟುವಲ್ಲಿಯ ತಗಡಿನ ಶೆಡ್ಡಿನೊಳಗೆ, ಒಬ್ಬೊಬ್ಬರಾಗಿ, ಅಂಗೈಯಗಲದ ಪರದೆ ನೋಡುತ್ತಿದ್ದಾರೆ.

ಬೆಂಗಳೂರಿನ ಕಪಾಲಿ ಥೇಟರು 2017ರಲ್ಲಿ ಮುಚ್ಚಿದಾಗ ಪತ್ರಿಕೆಗಳು ಫೋಟೋ ಹಾಕಿ ಮರುಗಿದವು. ಮರುಗಬೇಕಾದ್ದೇ. ಆದರೆ ಅಲ್ಲಿ ಫೋಟೋ ತೆಗೆಯಲು ಗೋಡೆಯಾದರೂ ಇತ್ತು. ಟೂರಿಂಗ್ ಟಾಕೀಜಿನ ಪರವಾನಗಿಯೇ ಗಡುವಿನದು. ಗಡುವು ಮುಗಿದರೆ ಕಿತ್ತುಕೊಂಡು ಮುಂದಿನ ಊರಿಗೆ. ಹಿಂದೆ ಉಳಿಯುತ್ತಿದ್ದದ್ದು ಕಂಬ ಕಿತ್ತ ಗುಣಿಗಳು, ಬೀಡಿ ತುಂಡು, ಶೇಂಗಾ ಸಿಪ್ಪೆ. ಮೊದಲ ಮಳೆಗೆ ಗುಣಿಯೂ ಮುಚ್ಚಿಹೋಗುತ್ತಿತ್ತು. ನಮ್ಮೂರ ಬಯಲಲ್ಲಿ ಇಂತಲ್ಲೇ ಪರದೆ ಇತ್ತು ಎಂದು ಬೆರಳಿಟ್ಟು ತೋರಿಸಲು ನನಗೀಗ ಆಗುವುದಿಲ್ಲ.

ಮುತ್ಯಾನ ತಂಬಾಕಿನ ಡಬ್ಬಿಯಲ್ಲಿ ಒಂದು ಫಿಲಂ ತುಂಡು ನನ್ನ ಹತ್ತಿರ ಉಳಿದಿದೆ. ಯಾವ ಪಿಚ್ಚರಿನದೋ. ಹಸಿರು, ನೀಲಿ ಹಾರಿಹೋಗಿ ಗಿಡ, ಆಕಾಶ, ಹೆಂಗಸಿನ ಸೀರೆ ಎಲ್ಲವೂ ಕೆಂಪಾಗಿವೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯವರೇ, ನಿಮ್ಮ ಅಟ್ಟದ ಮೇಲೆಯೂ ಇಂಥ ತುಂಡೋ, ಹ್ಯಾಂಡ್‌ಬಿಲ್ಲೋ, ಹರಿದ ಟಿಕೆಟೋ ಇದ್ದರೆ ಗುಜರಿಯವನಿಗೆ ಕೊಡಬೇಡಿ. ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಅದರ ಜೊತೆ ಒಂದು ಚೀಟಿ ಬರೆದಿಡಿ.