ಕಣ್ಣುಳ್ಳ ಸೂಜಿ

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಬೇಕೆಂದು ಸೂಚನಾಫಲಕದ ಮೇಲೆ ಪ್ರಕಟಣೆ ಬಿದ್ದಾಗ ಕಳೆದೆರಡು ವರ್ಷವೂ ಅದನ್ನು ಕಾಣದವನಂತೆ ನಡೆದುಹೋದವನು ನಾನು. ಈ ಸಲ ಕೊನೆಯ ವರ್ಷ. ಇನ್ನು ಬರೆಯುವ ಅವಕಾಶವಿಲ್ಲ. ಇತಿಹಾಸ, ಅರ್ಥಶಾಸ್ತ್ರ ಓದುವ ಬಿ.ಎ. ವಿದ್ಯಾರ್ಥಿ ವೈದ್ಯಶಾಸ್ತ್ರದ ಮಾತಾಡುವುದೆಂದರೆ ದೋಣಿ ಹತ್ತದವನು ಕಡಲನ್ನು ವರ್ಣಿಸಿದ ಹಾಗೆ ಎಂದು ಸಹಪಾಠಿಗಳು ನಗಬಹುದು. ನಗಲಿ. ಕಳೆದ ಒಂಬತ್ತು ತಿಂಗಳಲ್ಲಿ ನಾನು ಪಠ್ಯಪುಸ್ತಕಗಳಿಗಿಂತ ಆಸ್ಪತ್ರೆಯ ಕಾಗದಗಳನ್ನೇ ಹೆಚ್ಚು ಓದಿದ್ದೇನೆ. ಹಾಜರಿಪುಸ್ತಕ ಹಿಡಿಯುವ ಗುರುಗಳಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಮನೆ ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಕಡೆ. ತಂದೆಯವರು ಬಲೆ ಹೆಣೆಯುತ್ತಾರೆ. ಅಕ್ಕನನ್ನು ಕುಮಟಾ ತಾಲ್ಲೂಕಿನ ತದಡಿಗೆ ಕೊಟ್ಟಿದೆ; ಭಾವ ಟ್ರಾಲ್ ಬೋಟಿನಲ್ಲಿ ದುಡಿಯುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೀಗಾಗಿ ರೇಷನ್ ಕಾರ್ಡಿನಿಂದ ಹಿಡಿದು ಹಲ್ಲುನೋವಿನ ತನಕ ಏನೇ ಬಂದರೂ "ಅವನನ್ನು ಕೇಳಿ, ಅವನು ಓದಿದವನು" ಎನ್ನುವುದು ಮನೆಯಲ್ಲಿ ರೂಢಿಯಾಗಿಬಿಟ್ಟಿದೆ. ಕೇಳಿದಾಗಲೆಲ್ಲ ಏನಾದರೊಂದು ಉತ್ತರ ಕೊಡುವುದು ನನಗೂ ರೂಢಿಯಾಗಿತ್ತು.

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗ ರಾತ್ರಿ ಕಾಲುನೋವೆಂದು ಅಳತೊಡಗಿದ. ಮೂರು ವರ್ಷದ ಹುಡುಗ. ನಾವು ಕರೆಯುವುದು ಪುಟ್ಟನೆಂದು. ಅಂಗಳದಲ್ಲಿ ಓಡುತ್ತಿದ್ದವನು ಎತ್ತಿಕೋ ಎಂದು ಕೈ ಚಾಚುತ್ತಿದ್ದ. ಅಕ್ಕ ನನ್ನನ್ನು ಕೇಳಿದಳು. "ಬೆಳೆಯುವ ಮಕ್ಕಳಿಗೆ ಕಾಲುನೋವು ಬರುವುದುಂಟು, ಹೆದರಬೇಡ" ಎಂದೆ. ಫೋನಿನಲ್ಲಿ ಎಲ್ಲಿಯೋ ಓದಿದ್ದೆ. ಅಕ್ಕ ನನ್ನ ಮಾತು ನಂಬಿ ಹೆದರಲಿಲ್ಲ. ಹೀಗೆ ಮೂರು ವಾರ ಕಳೆದವು. ಆಮೇಲೆ ಕಣ್ಣಿನ ಸುತ್ತ ಕಪ್ಪು ಕಟ್ಟಿತು, ಯಾರೋ ಗುದ್ದಿದ ಹಾಗೆ. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದಳು. ನಾನು ನಕ್ಕೆ. ಅಜ್ಜಿಯ ಉಪ್ಪು ಮೆಣಸಿಗೂ ನನ್ನ ಫೋನಿನ ಪಾಂಡಿತ್ಯಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲವೆಂದು ಈಗ ಅನಿಸುತ್ತದೆ. ಕೊನೆಗೆ ಎಣ್ಣೆಸ್ನಾನ ಮಾಡಿಸುವಾಗ ಅಕ್ಕನ ಕೈಗೆ ಹೊಟ್ಟೆಯ ಎಡಭಾಗದಲ್ಲಿ ಕಲ್ಲಿನಂತಹ ಗಟ್ಟಿ ತಾಗಿತು.

ಮಣಿಪಾಲಕ್ಕೆ ಹೋಗಿ ಎಂದರು. ಕುಮಟೆಯಿಂದ ಅದು ಸುಮಾರು 150 ಕಿಲೋಮೀಟರು; ಹೊನ್ನಾವರ, ಭಟ್ಕಳ ದಾಟಿ, ಜಿಲ್ಲೆಯನ್ನೇ ದಾಟಿ ಹೋಗಬೇಕು. ಅದು ಜೂನ್ ತಿಂಗಳು. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹೀಗಾಗಿ ಭಾವನವರಿಗೆ ಬಿಡುವಿತ್ತು, ದುಡಿಮೆಯಿರಲಿಲ್ಲ.

ಕಾಯಿಲೆಯ ಹೆಸರು ನ್ಯೂರೋಬ್ಲಾಸ್ಟೋಮಾ. 1910ರಲ್ಲಿ ಜೇಮ್ಸ್ ಹೋಮರ್ ರೈಟ್ ಎಂಬ ಅಮೆರಿಕದ ವೈದ್ಯರು ಇಟ್ಟ ಹೆಸರು. ಶಿಶು ಗರ್ಭದಲ್ಲಿರುವಾಗ ನರಗಳಾಗಬೇಕೆಂದು ಹೊರಟ ಎಳೆಯ ಜೀವಕೋಶಗಳಲ್ಲಿ ಕೆಲವು ಬಲಿಯದೆ ಉಳಿದು, ಮಿತಿಯಿಲ್ಲದೆ ಬೆಳೆಯತೊಡಗಿದರೆ ಅದು ಈ ಗಡ್ಡೆ. ಹೆಚ್ಚಾಗಿ ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುತ್ತದೆ. ಐದು ವರ್ಷದ ಒಳಗಿನ ಮಕ್ಕಳಲ್ಲೇ ಹೆಚ್ಚು. ಎಲುಬಿಗೆ ಹಬ್ಬಿದರೆ ಕಾಲುನೋವು. ಕಣ್ಣುಗೂಡಿನ ಎಲುಬಿಗೆ ಹಬ್ಬಿದರೆ ಆ ಕಪ್ಪು. ಅಕ್ಕ ಡಾಕ್ಟರರನ್ನು ಕೇಳಿದ ಮೊದಲ ಪ್ರಶ್ನೆ, "ಬಸುರಿಯಲ್ಲಿ ನಾನು ತಿನ್ನಬಾರದ್ದು ಏನಾದರೂ ತಿಂದೆನಾ?" ಎಂದು. ಇಲ್ಲಮ್ಮ, ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ ಎಂದು ಅವರು ಎರಡೆರಡು ಸಲ ಹೇಳಿದರು. ನನ್ನ ಮೂರು ವಾರದ ಮಾತನ್ನು ನಾನು ಅಲ್ಲಿ ಎತ್ತಲಿಲ್ಲ.

ಚಿಕಿತ್ಸೆ ಎಂದರೆ ಕತ್ತಿ ಎಂದೇ ನಾನು ತಿಳಿದಿದ್ದೆ. ನಮ್ಮ ಕಡೆ ದೊಡ್ಡ ಡಾಕ್ಟರೆಂದರೆ ಶಸ್ತ್ರವೈದ್ಯರು. ಕುಮಟೆಯ ಕಾಲೇಜಿಗೆ ಇರುವ ಹೆಸರೂ ಡಾ. ಎ. ವಿ. ಬಾಳಿಗಾ ಎಂಬ ಪ್ರಸಿದ್ಧ ಶಸ್ತ್ರವೈದ್ಯರದ್ದು. ಆದರೆ ಇಲ್ಲಿ ಮೊದಲು ಬಂದದ್ದು ಕತ್ತಿಯಲ್ಲ, ಸೂಜಿ. ಗಡ್ಡೆ ಯಾವ ಜಾತಿಯದು, ಎಷ್ಟು ಕ್ರೂರಿ ಎಂಬುದು ತಿಳಿಯದೆ ಮದ್ದು ಗೊತ್ತುಮಾಡುವಂತಿಲ್ಲ. ಮೂತ್ರದ ಪರೀಕ್ಷೆ, ಸ್ಕ್ಯಾನು, ಅಸ್ಥಿಮಜ್ಜೆಯ ಪರೀಕ್ಷೆ ಎಲ್ಲ ಒಂದಿಷ್ಟು ಹೇಳುತ್ತವೆ. ಗಡ್ಡೆಯ ಚೂರು ಬೇಕೇ ಬೇಕು. ಹಿಂದೆ ಅದಕ್ಕಾಗಿ ಹೊಟ್ಟೆಯನ್ನೇ ತೆರೆಯುತ್ತಿದ್ದರು. ಈಗಲೂ ಕೆಲವೊಮ್ಮೆ ತೆರೆಯಬೇಕಾಗುತ್ತದೆ. ಪುಟ್ಟನಿಗೆ ಸೂಜಿ ಸಾಕೆಂದರು. ಈ ಕೆಲಸ ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಯ ವೈದ್ಯರು. ನಾಲಿಗೆ ಹೊರಳದ ಹೆಸರು. ಚಿತ್ರ ತೆಗೆದು ಸುಮ್ಮನಾಗದೆ, ಆ ಚಿತ್ರವನ್ನು ನೋಡುತ್ತಲೇ ಮೈಯೊಳಗೆ ಸೂಜಿಯನ್ನೋ ನಳಿಕೆಯನ್ನೋ ನಡೆಸುವವರು ಎಂದಿಟ್ಟುಕೊಳ್ಳೋಣ.

ಸೂಜಿ ಎಂದಕೂಡಲೆ ಮನೆಯಲ್ಲಿ ಗದ್ದಲವೆದ್ದಿತು. ಗಡ್ಡೆಗೆ ಸೂಜಿ ತಾಗಿಸಿದರೆ ಕೆರಳಿ ಮೈಯೆಲ್ಲ ಹಬ್ಬುತ್ತದೆ ಎಂಬುದು ನಮ್ಮ ಕಡೆ ಮನೆಮನೆಯ ಮಾತು. ಅಜ್ಜಿ ಫೋನಿನಲ್ಲೇ ಅತ್ತಳು. ಅಕ್ಕ ನನ್ನ ಮುಖ ನೋಡಿದಳು. ಜೀವನದಲ್ಲಿ ಮೊದಲ ಸಲ "ನನಗೆ ಗೊತ್ತಿಲ್ಲ ಅಕ್ಕ, ಡಾಕ್ಟರರನ್ನೇ ಕೇಳೋಣ" ಎಂದೆ.

ಆ ವೈದ್ಯರು ನಮ್ಮನ್ನು ಗದರಿಸಲಿಲ್ಲ. ನಿಮ್ಮ ಹೆದರಿಕೆ ಬುಡವಿಲ್ಲದ್ದಲ್ಲ, ಆದರೆ ಈ ಗಡ್ಡೆಯಲ್ಲಿ ಸೂಜಿಯ ದಾರಿಯಲ್ಲಿ ಹಬ್ಬುವುದು ತೀರ ಅಪರೂಪ. ನಾವು ನಿಜವಾಗಿ ಕಾಯಬೇಕಾದದ್ದು ರಕ್ತಸ್ರಾವವನ್ನು ಎಂದರು. ಕಾಗದದ ಹಿಂಬದಿಯಲ್ಲಿ ಪೆನ್ನಿನಿಂದ ಹೊಟ್ಟೆಯ ಚಿತ್ರ ಬರೆದು, ಇಲ್ಲಿ ದೊಡ್ಡ ರಕ್ತನಾಳ, ಇಲ್ಲಿ ಕರುಳು, ಇವುಗಳ ನಡುವೆ ಇದು ನಮ್ಮ ದಾರಿ ಎಂದು ಗೆರೆ ಎಳೆದರು. ಧ್ವನಿತರಂಗಗಳು ಒಳಗೆ ಹೋಗಿ ಮರಳುತ್ತವೆ, ಅದರಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ, ಸೂಜಿ ಸಾಗುವುದೂ ಕಾಣುತ್ತದೆ ಎಂದು ವಿವರಿಸುತ್ತಿದ್ದರು. ನಾನು ಮುಖ ಗಂಭೀರ ಮಾಡಿಕೊಂಡು ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧವೂ ತಲೆಗೆ ಹೋಗಿರಲಿಲ್ಲ. ಅಷ್ಟರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟ ಭಾವ ಕೇಳಿದರು:

"ಡಾಕ್ಟ್ರೇ, ಇದು ನಮ್ಮ ಬೋಟಿನ ಫಿಶ್ ಫೈಂಡರ್ ಇದ್ದ ಹಾಗೇ ಅಲ್ಲವಾ? ಅದೂ ನೀರಿಗೆ ಶಬ್ದ ಬಿಡ್ತದೆ. ಮೀನಿನ ಗುಂಪಿಗೆ, ನೆಲಕ್ಕೆ ತಾಗಿ ತಿರುಗಿ ಬರ್ತದೆ. ಬಂಡೆ ಎಲ್ಲಿದೆ ನೋಡಿ ಬಲೆ ಬಿಡ್ತೇವೆ."

ವೈದ್ಯರು ಪೆನ್ನು ಕೆಳಗಿಟ್ಟರು. "ಅದೇ. ಇಷ್ಟು ಸುಲಭವಾಗಿ ನಾನು ಹೇಳಲಿಲ್ಲ" ಎಂದರು. ಭಾವ ಮತ್ತೇನೂ ಕೇಳದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಕಡಲಿನ ಕೆಳಗಿನ ಬಂಡೆಯನ್ನು ಶಬ್ದದಿಂದ ತಿಳಿದು ಬಲೆ ಉಳಿಸಿಕೊಂಡವರಿಗೆ, ಹೊಟ್ಟೆಯೊಳಗಿನ ರಕ್ತನಾಳವನ್ನು ಶಬ್ದದಿಂದ ತಿಳಿದು ಸೂಜಿ ತಪ್ಪಿಸಬಹುದೆಂಬುದರಲ್ಲಿ ನಂಬಲಾರದ್ದೇನೂ ಕಾಣಲಿಲ್ಲ.

ಪುಟ್ಟನಿಗೆ ಮಂಪರು ಬರಿಸಿ ಒಳಗೆ ಕರೆದೊಯ್ದರು. ಮರಳಿ ಬಂದಾಗ ಪಕ್ಕೆಯ ಮೇಲೆ ಒಂದು ಪುಟ್ಟ ಪಟ್ಟಿ. ಅಷ್ಟೇ. ಒಳಗಿನಿಂದ ತೆಗೆದದ್ದು ಶಾವಿಗೆಯ ಎಳೆಯಂತಹ, ಒಂದೆರಡು ಸೆಂಟಿಮೀಟರ್ ಉದ್ದದ ಕೆಲವು ಚೂರುಗಳು. ಒಂದೇ ಎಳೆ ಸಾಲದಂತೆ. ಕೋಶಗಳ ರೂಪ ನೋಡಲು ಬೇಕು, ಗಡ್ಡೆಯ ಕ್ರೌರ್ಯವನ್ನು ಸೂಚಿಸುವ ಒಂದು ಜೀನನ್ನು ಹುಡುಕಲೂ ಬೇಕು. ಮರುದಿನ ಅವನು ಗಂಜಿ ಕೇಳಿದ. ಹೊಟ್ಟೆ ತೆರೆದಿದ್ದರೆ ಗಾಯ ಮಾಯುವ ತನಕ ಮದ್ದು ತಡವಾಗುತ್ತಿತ್ತು. ಮೂರು ವಾರ ಕಳೆದವನಿಗೆ ಆ ಉಳಿದ ದಿನಗಳ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯ ಸೂಜಿಯ ಕಥೆಯೇ ನನಗೆ ಇನ್ನೂ ದೊಡ್ಡದು. ಈ ಕಾಯಿಲೆಗೆ ಕೊಡುವ ಮದ್ದುಗಳಲ್ಲಿ ಕೆಲವು, ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್ ಮುಂತಾದವು, ಕೈಯ ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತವೆ. ಮೂರು ವರ್ಷದ ಮಗುವಿನ ಕೈನರ ದಾರದಷ್ಟು ತೆಳು. ಆದ್ದರಿಂದ ಹೃದಯದ ಬಾಗಿಲಿನ ದೊಡ್ಡ ನಾಳದ ತನಕ ಒಂದು ನಳಿಕೆ ಇಡುತ್ತಾರೆ. ಅದರಲ್ಲಿ ಎರಡು ಬಗೆ. ಒಂದರ ತುದಿ ತೋಳಿನ ಹೊರಗಿರುತ್ತದೆ. ವಾರಕ್ಕೊಮ್ಮೆ ತೊಳೆದು ಪಟ್ಟಿ ಬದಲಿಸಬೇಕು, ನೀರು ತಾಗಬಾರದು. ಇನ್ನೊಂದು ಪೋರ್ಟ್, ಎದೆಯ ಚರ್ಮದ ಅಡಿಯಲ್ಲಿ ಹುದುಗಿರುತ್ತದೆ, ಬಳಸದಿದ್ದಾಗ ತಿಂಗಳಿಗೊಮ್ಮೆ ತೊಳೆದರೆ ಸಾಕು. ವೈದ್ಯರು ಕೇಳಿದ್ದು ನಮ್ಮ ಊರಿನ ಸುದ್ದಿ: ಮನೆ ಎಷ್ಟು ದೂರ? ಸ್ನಾನಕ್ಕೆ ಬಾವಿನೀರೇ? ಮಳೆಗೆ ಮನೆ ಸೋರುತ್ತದೆಯೇ? ಮೂರಕ್ಕೂ ಉತ್ತರ ಕೇಳಿದ ಮೇಲೆ ಪೋರ್ಟನ್ನೇ ಗೊತ್ತುಮಾಡಿದರು.

ಅದನ್ನು ಇಡುವ ಉಪಾಯ ನೋಡಿ. ಪೊಳ್ಳು ಸೂಜಿಯನ್ನು ಧ್ವನಿಚಿತ್ರ ನೋಡುತ್ತ ಕುತ್ತಿಗೆಯ ನಾಳಕ್ಕೆ ಚುಚ್ಚುವುದು. ಸೂಜಿಯೊಳಗಿನಿಂದ ಮೆತ್ತನೆಯ ತಂತಿ ಇಳಿಸುವುದು. ಸೂಜಿ ತೆಗೆದು, ತಂತಿಯ ಗುಂಟ ನಳಿಕೆ ಇಳಿಸಿ, ತಂತಿಯನ್ನೂ ತೆಗೆಯುವುದು. ತುದಿ ಸರಿಯಾದಲ್ಲಿ ಕುಳಿತಿತೇ ಎಂದು ಕ್ಷ-ಕಿರಣದಲ್ಲಿ ನೋಡುತ್ತಾರೆ. ಬಾವಿಗೆ ಹಗ್ಗ ಬಿಟ್ಟು ಅದನ್ನು ಹಿಡಿದು ಇಳಿದ ಹಾಗೆ. ಸೂಜಿ, ತಂತಿ, ನಳಿಕೆಯ ಈ ಕ್ರಮವನ್ನು ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದರು. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದ್ದೂ ಅದೇ ವರ್ಷ. ಇತಿಹಾಸದ ವಿದ್ಯಾರ್ಥಿಗೆ ಇಂತಹ ಸಂಗತಿ ಕಂಡರೆ ಬಿಡಲಾಗುವುದಿಲ್ಲ, ಕ್ಷಮಿಸಬೇಕು.

ಈ ಸೂಜಿಯವರು ಕ್ಯಾನ್ಸರನ್ನು ಗುಣಪಡಿಸಿದರೆಂದು ನಾನು ಹೇಳುತ್ತಿಲ್ಲ. ಗಡ್ಡೆಯಿಂದ ರಕ್ತ ಸೋರಿದರೆ ಅದಕ್ಕೆ ಉಣಿಸುವ ನಾಳವನ್ನು ಒಳಗಿನಿಂದಲೇ ಮುಚ್ಚುವುದು ಮುಂತಾದ ಕೆಲಸಗಳೂ ಅವರವೇ. ಪುಟ್ಟನಿಗೆ ಅದರ ಅಗತ್ಯ ಬೀಳಲಿಲ್ಲ. ಕೊಲ್ಲುವುದು ಮದ್ದು, ಕಿತ್ತುಹಾಕುವುದು ಶಸ್ತ್ರಕ್ರಿಯೆ. ಎರಡಕ್ಕೂ ದಾರಿ ಮಾಡಿಕೊಡುವವರು ಇವರು. ಇವರ ಮುಖವನ್ನು ರೋಗಿ ಹೆಚ್ಚಾಗಿ ನೋಡಿರುವುದೂ ಇಲ್ಲ, ಅವನು ನಿದ್ದೆಯಲ್ಲಿರುತ್ತಾನೆ.

ಅಂಗಿಯ ಗುಂಡಿಗಿಂತ ತುಸು ದೊಡ್ಡದಾಗಿ ಎದೆಯ ಮೇಲೆ ಉಬ್ಬಿ ನಿಂತ ಅದನ್ನು ಪುಟ್ಟ "ನನ್ನ ಗುಂಡಿ" ಎಂದ. ಚೌತಿಗೆ ಬೋಳುತಲೆಗೆ ಟೋಪಿ ಇಟ್ಟುಕೊಂಡು, ಬಂದ ನೆಂಟರಿಗೆಲ್ಲ ಅಂಗಿ ಎತ್ತಿ ತೋರಿಸಿದ. ಆಯುಷ್ಮಾನ್ ಕಾರ್ಡು ಒಂದಿಷ್ಟು ಭಾರ ಹೊತ್ತಿತು. ಉಳಿದದ್ದನ್ನು ಅಕ್ಕನ ಬಳೆಗಳು ಹೊತ್ತವು.

ಆದರೆ ಪೋರ್ಟ್ ಇದ್ದವನಿಗೆ, ಅದೂ ಮದ್ದಿನಿಂದ ರಕ್ತದ ಬಿಳಿಕಣಗಳು ಇಳಿದಿರುವಾಗ, ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ. ಆಗಸ್ಟಿನ ಒಂದು ರಾತ್ರಿ ಬಂತು. ಊರಿನ ಒಬ್ಬ ಡಾಕ್ಟರರು ಮಣಿಪಾಲದ ಪತ್ರ ಓದಿ, ಫೋನಿನಲ್ಲಿ ಮಾತಾಡಿ, ಮೊದಲ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬಾಡಿಗೆ ಕಾರು, ಹೊರಗೆ ಒಂದೇ ಸಮನೆ ಮಳೆ. ಭಟ್ಕಳ ದಾಟಿ ಶಿರೂರಿನ ಟೋಲ್ ಗೇಟು ಬಂದಾಗ ಯಾರೂ ಮಾತಾಡಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟ ಆಂಬುಲೆನ್ಸು ಉರುಳಿ ನಾಲ್ವರು ಸತ್ತದ್ದು ಅಲ್ಲಿಯೇ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಆಗ ನಮ್ಮ ಹುಡುಗರು ಎಬ್ಬಿಸಿದ ಕೂಗು ಓದುಗರಿಗೆ ನೆನಪಿರಬಹುದು. ಹೈಸ್ಕೂಲಿನಲ್ಲಿದ್ದ ನಾನೂ ಕೂಗಿದ್ದೆ, ಎಲ್ಲರೂ ಕೂಗಿದರೆಂದು. ಬೆಳಗಿನ ಜಾವ ಆಸ್ಪತ್ರೆ ಮುಟ್ಟುವವರೆಗೆ ಅಕ್ಕ ಮಗುವಿನ ಹಣೆಯಿಂದ ಕೈ ತೆಗೆಯಲಿಲ್ಲ. ಜ್ವರ ನಾಲ್ಕನೆಯ ದಿನ ಇಳಿಯಿತು.

ಡಿಸೆಂಬರಿನಲ್ಲಿ ಶಸ್ತ್ರಕ್ರಿಯೆಯಾಯಿತು, ಮದ್ದಿನಿಂದ ಕುಗ್ಗಿದ್ದ ಗಡ್ಡೆಯನ್ನು ತೆಗೆದರು. ಹೀಗೆ ಎಲುಬಿಗೆ ಹಬ್ಬಿದ ಕಾಯಿಲೆಯಲ್ಲಿ ಮುಂದುವರಿದ ದೇಶಗಳಲ್ಲೂ ಉಳಿದು ಬಾಳುವ ಮಕ್ಕಳು ಸುಮಾರು ಅರ್ಧದಷ್ಟು. ಈ ಲೆಕ್ಕವನ್ನು ಅಕ್ಕನಿಗೆ ಡಾಕ್ಟರರೇ ಹೇಳಿದ್ದಾರೆ. ನಾನು ಹೇಳಬೇಕಾಗಿ ಬರಲಿಲ್ಲ. ಮೂರು ವಾರದ ವಿಷಯವನ್ನು ಮಾತ್ರ ನಾನೇ ಹೇಳಿದೆ, ಕಳೆದ ತಿಂಗಳು. ಬಹಳ ಹೊತ್ತು ಸುಮ್ಮನಿದ್ದು, "ನಾನೂ ನಿನ್ನನ್ನೇ ಕೇಳಿದೆನಲ್ಲ" ಎಂದಳು.

ಇನ್ನು ಮುಂದೆ ಅವನದೇ ರಕ್ತದಿಂದ ಮೂಲಕೋಶಗಳನ್ನು ಸಂಗ್ರಹಿಸಬೇಕಂತೆ. ಅದಕ್ಕೆ ಈ ಗುಂಡಿ ಸಾಲದು, ದಪ್ಪನೆಯ ಬೇರೊಂದು ನಳಿಕೆ ಬೇಕು; ಮತ್ತೆ ಅದೇ ಕೋಣೆ, ಅದೇ ಪರದೆ. ಬೋಟು ಕಡಲಲ್ಲಿದೆ, ಭಾವ ಸೋಮವಾರದೊಳಗೆ ದಡಕ್ಕೆ ಬರುತ್ತೇನೆಂದಿದ್ದಾರೆ. ಬಾರದಿದ್ದರೆ ಅಕ್ಕನ ಜೊತೆ ನಾನು ಹೋಗಬೇಕು. ಆ ವಾರದ ಹಾಜರಿಯ ವಿಷಯವನ್ನು ಗುರುಗಳ ಹತ್ತಿರ ಬೇರೆಯಾಗಿ ಕೇಳಿಕೊಳ್ಳುತ್ತೇನೆ.